ಕೊನೆಯ ಮೆಟ್ಟಿಲು ಅಲ್ಲಾಡುತ್ತದೆ

ಅವತ್ತು ನಾನು ಮೇಲ್ಬಾಗಿಲಿನ ಹತ್ತಿರ ಕೂರಬಾರದಿತ್ತು ಎನ್ನುವವರು ಊರಿನಲ್ಲಿ ಈಗಲೂ ಇದ್ದಾರೆ. ನಾನು ಕೂತಿದ್ದು ಅವರೆಕಾಯಿ ಬಿಡಿಸುವುದಕ್ಕೆ. ಚಳಿಗಾಲದಲ್ಲಿ ನನ್ನ ಮನೆಯ ಅಂಗಳಕ್ಕೆ ಹನ್ನೊಂದು ಗಂಟೆಯ ಮೇಲೆ ಬಿಸಿಲು ಬೀಳುವುದಿಲ್ಲ. ಮೇಲ್ಬಾಗಿಲಿನ ಪಕ್ಕದ ಕಲ್ಲುಬೆಂಚಿನ ಮೇಲೆ ಮಾತ್ರ ಸಂಜೆಯವರೆಗೂ ಇರುತ್ತದೆ. ಬೆಟ್ಟದಿಂದ ಇಳಿಯುವ ಅರವತ್ತು ಮೆಟ್ಟಿಲುಗಳು ಆ ಬೆಂಚಿನ ಎದುರಿಗೇ ಬಂದು ಮುಗಿಯುತ್ತವೆ. ಬೆಟ್ಟ ಹತ್ತಲು ಹೋದ ತಂಡ ನಾಲ್ಕು ಗಂಟೆಗೆ ಇಳಿಯುತ್ತದೆಂದು ಆರೋಹಣ ಸಂಘದವರು ಹಿಂದಿನ ದಿನವೇ ಕರಿಹಲಗೆಯ ಮೇಲೆ ಬರೆದಿದ್ದರು. ಎರಡೂವರೆಗೆ ಎದ್ದು ಹೋದರೆ ಸಾಕು ಎಂದುಕೊಂಡಿದ್ದೆ. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಶಾಲ್ಮಲಿ ಇಳಿದು ಬಂದಳು.

ತಂಡ ಇಳಿಯುವ ಹೊತ್ತಿಗೆ ಅಲ್ಲಿ ಅವರವರ ಮನೆಯವರು ಮಾತ್ರ ಇರುತ್ತಾರೆ, ಅವರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು. ಬೆಟ್ಟದಲ್ಲಿರುವ ಬಿಳಿಗಲ್ಲು ದಾಟಿ ಮೇಲೆ ಹೋದವರು ಊರಿಗೆ ಮರಳುವಾಗ ಅವರನ್ನು ಮೇಲ್ಬಾಗಿಲಿನಲ್ಲಿ ಮೊದಲು ಯಾರು ಏನೆಂದು ಕರೆಯುತ್ತಾರೋ, ಅವರು ಅದೇ ಆಗುತ್ತಾರೆ. ತಾಯಿ ‘ಮಗನೇ’ ಎನ್ನುತ್ತಾಳೆ, ಹೆಂಡತಿ ‘ರೀ’ ಎನ್ನುತ್ತಾಳೆ, ಆಮೇಲೆ ಎಲ್ಲರೂ ಬಟ್ಟೆ ಬಿಚ್ಚಿ ಒಟ್ಟಿಗೇ ಮಾತಾಡಲು ಶುರುಮಾಡುತ್ತಾರೆ. ಶಾಲೆಯಲ್ಲಿ ಮಕ್ಕಳಿಗೆ ರಸ್ತೆ ದಾಟುವುದನ್ನು ಹೇಳಿಕೊಡುವ ವಾರದಲ್ಲೇ ಇದನ್ನೂ ಹೇಳಿಕೊಡುತ್ತಾರೆ. ಆದರೂ ತಪ್ಪುಗಳಾಗುತ್ತವೆ. ಕೋಟೆಬೀದಿಯ ದರ್ಜಿ ಅನಂತಯ್ಯನವರನ್ನು ಕಣ್ಣು ಮಂಜಾದ ಯಾರೋ ‘ಡಾಕ್ಟ್ರೇ’ ಎಂದು ಕರೆದು ಇಪ್ಪತ್ತು ವರ್ಷವಾಯಿತು. ಅವರು ಇವತ್ತಿಗೂ ಹೊಲಿಗೆ ಯಂತ್ರದ ಮುಂದೆಯೇ ಕೂತು ಜನರ ನಾಲಿಗೆ ನೋಡುತ್ತಾರೆ; ಜ್ವರಕ್ಕೆ ಅವರು ಕೊಡುವ ಕಷಾಯ ಕೆಟ್ಟದ್ದೇನಲ್ಲ. ಬಾಳೆಹಣ್ಣು ಮಾರುವ ಪುಟ್ಟತಾಯಮ್ಮ ಗುರುತಿಲ್ಲದ ಒಬ್ಬನಿಗೆ ವ್ಯಾಪಾರದ ಬಾಯಿಚಾಳಿಯಲ್ಲಿ ‘ಬನ್ನಿ ಯಜಮಾನ್ರೇ’ ಎಂದುಬಿಟ್ಟಳು. ಅವರಿಬ್ಬರ ಮಗಳು ನನ್ನ ಕೊನೆಯ ವರ್ಷದ ವಿದ್ಯಾರ್ಥಿನಿಯಾಗಿದ್ದಳು, ಜಾಣೆ. ಗಂಡನ ಮೇಲೆ ಮುನಿಸಿಕೊಂಡಿದ್ದ ಒಬ್ಬಾಕೆ ‘ಯಾರು ನೀವು’ ಎಂದು ಕೇಳಿದ್ದರಿಂದ ಆತ ಮುಂದಿನ ವರ್ಷ ಬೆಟ್ಟ ಹತ್ತಿ ಇಳಿಯುವವರೆಗೆ ಛತ್ರದಲ್ಲಿ ಇರಬೇಕಾಯಿತು. ಅಷ್ಟು ದಿನವೂ ಊಟದ ಕ್ಯಾರಿಯರ್ ಮಾತ್ರ ಆಕೆಯ ಮನೆಯಿಂದಲೇ ಹೋಗುತ್ತಿತ್ತು.

ಶಾಲ್ಮಲಿ ಹಿಟ್ಟಿನ ಗಿರಣಿ ನಡೆಸುವ ಕಮಲಾಕ್ಷಿಯ ಒಬ್ಬಳೇ ಮಗಳು. ಇಪ್ಪತ್ತನಾಲ್ಕು ವರ್ಷ. ಮೇಲಿನ ಶಿಬಿರದಲ್ಲಿ ಹಿಮದಿಂದಾಗಿ ಅವಳ ಎಡಗಾಲಿನ ಬೆರಳುಗಳು ಕಪ್ಪಗಾದದ್ದರಿಂದ ತಂಡದವರು ಅವಳನ್ನು ಹೇಸರಗತ್ತೆಯ ಮೇಲೆ ಕೂರಿಸಿ ಮೊದಲೇ ಕಳಿಸಿದ್ದರು. ಹೇಸರಗತ್ತೆಗಳು ಮೆಟ್ಟಿಲು ಇಳಿಯುವುದಿಲ್ಲ. ಹೇಸರಗತ್ತೆಯವನು ಅವಳನ್ನು ಮೆಟ್ಟಿಲುಗಳ ಮೇಲ್ತುದಿಯಲ್ಲಿ ಇಳಿಸಿ, ಮನೆಯವರು ಬರುವವರೆಗೆ ಅಲ್ಲೇ ಕೂತಿರಲು ಹೇಳಿ ಹೋಗಿದ್ದನಂತೆ. ಊರು ಕಣ್ಣೆದುರಿಗೆ ಕಾಣುತ್ತಿರುವಾಗ ನಲವತ್ತು ದಿನ ಹೊರಗಿದ್ದವರು ಕೂತಿರುವುದು ಕಷ್ಟ.

ನಾನು ಬೋಗುಣಿಯನ್ನೇ ನೋಡುತ್ತಿದ್ದೆ. ಕಲ್ಲಿನ ಮೇಲೆ ಕೋಲು ಊರಿದ ಸದ್ದಾಯಿತು. ತಲೆ ಎತ್ತಿದರೆ ಬಿಸಿಲಿಗೆ ಸಿಪ್ಪೆಯೆದ್ದ ಮುಖ, ಒಡೆದ ತುಟಿ, ಎಡಗಾಲಿಗೆ ಯಾವುದೋ ಗಂಡಸಿನ ದೊಡ್ಡ ಉಣ್ಣೆಯ ಕಾಲುಚೀಲ. ಒಂದೊಂದೇ ಮೆಟ್ಟಿಲು ಇಳಿಯುತ್ತ ಅವಳು ಕೊನೆಯದರ ಹಿಂದಿನದಕ್ಕೆ ಬಂದಿದ್ದಳು. ಕೊನೆಯ ಮೆಟ್ಟಿಲಿನ ಕಲ್ಲು ವರ್ಷಗಳಿಂದ ಸಡಿಲವಾಗಿತ್ತು. ಊರಿನವರಿಗೆಲ್ಲ ಗೊತ್ತಿದ್ದರಿಂದ ಯಾರೂ ಅದನ್ನು ಸರಿಮಾಡಿಸಿರಲಿಲ್ಲ. ನಾನು ಹೇಳಿದೆ: “ಕೊನೇ ಮೆಟ್ಟಿಲು ಅಲ್ಲಾಡುತ್ತೆ ಮಗಳೇ, ನೋಡ್ಕೊಂಡು ಇಳಿ.”

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವಳು ನಾನು. ಆ ಮಾತು ನನ್ನ ಬಾಯಿಗೆ ಉಸಿರಿನಷ್ಟು ಸಲೀಸು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವಳೂ ಮಗಳೇ, ಸೊಪ್ಪು ಮಾರುವವಳೂ ಮಗಳೇ. ನನಗೆ ಮಕ್ಕಳಿಲ್ಲ; ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಆ ಕ್ಷಣದವರೆಗೆ ನನಗೆ ಅನಿಸಿರಲಿಲ್ಲ.

ಅವಳು ಕೋಲೂರಿ, ಕಲ್ಲಿನ ಅಂಚು ಬಿಟ್ಟು ನಡುವೆ ಕಾಲಿಟ್ಟು ಇಳಿದಳು. ಒಂದು ಗಳಿಗೆ ನಿಂತು ನನ್ನ ಮುಖ ನೋಡಿದಳು. ಆಮೇಲೆ ಬಂದು ಬೆಂಚಿನ ಮೇಲೆ ಕೂತು, “ನೀನು ಎಷ್ಟು ಹೊತ್ತಿಂದ ಒಬ್ಬಳೇ ಕೂತಿದೀಯ?” ಎಂದು ಕೇಳಿ, ನನ್ನ ಮಡಿಲಿನಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಬಿಡಿಸತೊಡಗಿದಳು.

ಬಾಗಿಲಿನ ಗುಮಾಸ್ತರು ದೊರೆಸ್ವಾಮಿ. ಇಳಿದು ಬರುವವರ ಕಾಲಿಗೆಂದು ಅವರು ಬಿಸಿನೀರು ಕಾಯಿಸಿಡುತ್ತಾರೆ. ಅದು ಅವರ ಕೆಲಸಗಳ ಪಟ್ಟಿಯಲ್ಲಿಲ್ಲ. ಅವತ್ತು ನೀರು ತರಲು ಹೋಗಿದ್ದವರು ಬಂದು ನಮ್ಮಿಬ್ಬರನ್ನೂ ನೋಡಿದರು. ಬಿಂದಿಗೆಯನ್ನು ಸದ್ದಾಗದಂತೆ ಕೆಳಗಿಟ್ಟರು. ಮೊದಲು ಅವಳ ಕಾಲುಚೀಲ ಬಿಡಿಸಿ, ನೀರನ್ನು ಮುಂಗೈ ಮೇಲೆ ಹಾಕಿಕೊಂಡು ನೋಡಿ, ಪಾದ ತೊಳೆದರು. ಆಮೇಲೆ ದಾಖಲೆಯ ಪುಸ್ತಕ ತೆಗೆದು ಏನೆಂದು ಕರೆದಿರಿ ಎಂದು ಕೇಳಿದರು. ಹೇಳಿದೆ. ನನ್ನ ಕಡೆ ನೋಡದೆ ಬರೆದುಕೊಂಡರು. ಅದನ್ನೂ ನಾನು ಉಪಕಾರವೆಂದೇ ಎಣಿಸುತ್ತೇನೆ.

ಕಮಲಾಕ್ಷಿ ಬಂದಾಗ ಮೂರು ಗಂಟೆ. ನಾಲ್ಕಕ್ಕೆ ಇನ್ನೂ ಹೊತ್ತಿದೆಯೆಂದು ಯಾರದೋ ರಾಗಿ ಬೀಸಿ ಮುಗಿಸಿ ಬಂದಿದ್ದಳು. ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತಿತ್ತು. ಗಿರಣಿಯ ಸದ್ದಿನಲ್ಲಿ ಮಾತಾಡಿ ಅವಳದು ಬೀದಿ ಕೊನೆಗೂ ಕೇಳುವ ದನಿ. ದೂರದಿಂದಲೇ “ಶಾಲೂ” ಎಂದಳು. ಶಾಲ್ಮಲಿ ಕಷ್ಟಪಟ್ಟು ಎದ್ದು ನಿಂತು ಕೈ ಮುಗಿದಳು. “ಅಯ್ಯೋ, ನೀವು ಯಾಕೆ ಬಿಸಿಲಲ್ಲಿ ಬರೋಕೆ ಹೋದ್ರಿ?” ಎಂದಳು.

ಕಮಲಾಕ್ಷಿ ದೊರೆಸ್ವಾಮಿಯವರ ಪುಸ್ತಕ ನೋಡಿದಳು, ನನ್ನ ಬೋಗುಣಿ ನೋಡಿದಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ನಾನು ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಏನಂದಿರಿ ಮೇಡಂ ಎಂದು ಕೇಳಿದಳು. ಹೇಳಿದ ಮಾತನ್ನು ಇನ್ನೊಂದು ಸಲ ಹೇಳಿದೆ. ಅವಳು ತಿರುಗಿ ಆ ಕಲ್ಲನ್ನು ನೋಡಿದಳು.

“ಅಲ್ಲಾಡೋದೇನೋ ನಿಜ” ಎಂದಳು. ಆಮೇಲೆ, ಮೊದಲು ಕಾಲು ತೋರಿಸಬೇಕು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ನನಗೆ ಹೇಳಿ, ತಾನೇ ಆಟೋ ತರಲು ಓಡಿದಳು.

ಎರಡು ಬೆರಳು ತೆಗೆಯಬೇಕಾಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ನಾವಿಬ್ಬರೂ ಇದ್ದೆವು, ನಾನು ಮಂಚದ ಪಕ್ಕ, ಕಮಲಾಕ್ಷಿ ಬಾಗಿಲ ಪಕ್ಕ. ಬಿಡುಗಡೆಯಾದ ದಿನ ಶಾಲ್ಮಲಿ ಆಟೋದವನಿಗೆ ನನ್ನ ಮನೆಯ ದಾರಿ ಹೇಳಿದಳು. ಅದುವರೆಗೂ ಅವಳು ನನ್ನ ಮನೆಗೆ ಬಂದವಳಲ್ಲ. ಒಳಗೆ ಬಂದವಳೇ ಅಡುಗೆಮನೆಗೆ ಹೋಗಿ ಅನ್ನ ಕಲಸಿಕೊಂಡು, ರುಬ್ಬುವ ಕಲ್ಲಿನ ಹಿಂದಿನ ಗೂಡಿಗೆ ಕೈಹಾಕಿ ಉಪ್ಪಿನ ಭರಣಿ ತೆಗೆದಳು. ಹೊಸದಾಗಿ ಬಂದವರು ಯಾರೂ ಉಪ್ಪನ್ನು ಅಲ್ಲಿ ಹುಡುಕುವುದಿಲ್ಲ.

ಅವಳು ಏನನ್ನೂ ಮರೆತಿರಲಿಲ್ಲ, ಮರೆತಿದ್ದಳೆಂದು ತಿಳಿಯುವವರು ಇದ್ದಾರೆ. ಗಿರಣಿಯ ಮುಂದಿನ ಬೂರುಗದ ಮರದ ಹೆಸರನ್ನೇ ಕಮಲಾಕ್ಷಿ ತನಗೆ ಇಟ್ಟದ್ದು, ತನ್ನ ಅಪ್ಪ ತೀರಿಕೊಂಡ ಮೇಲೆ ಅವಳೊಬ್ಬಳೇ ಗಿರಣಿಯ ಬೆಲ್ಟು ಬದಲಾಯಿಸುವುದನ್ನು ಕಲಿತದ್ದು, ಎಲ್ಲವೂ ನೆನಪಿತ್ತು. ಆದರೆ ಆ ಮನೆಗೆ ಹೋದರೆ ಬಾಗಿಲಲ್ಲಿ ಒಳಗೆ ಬನ್ನಿ ಎನ್ನುವವರೆಗೆ ನಿಲ್ಲುತ್ತಿದ್ದಳು. ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು. ನೀರು ಎಲ್ಲಿದೆ ಎಂದು ಕೇಳುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಹೆತ್ತವಳನ್ನು ‘ನೀವು’ ಎನ್ನುತ್ತಿದ್ದಳು. ಒಬ್ಬಳೇ ಇದ್ದಾಗ ಕನ್ನಡಿಯ ಮುಂದೆ ‘ನೀನು’ ಎಂದು ಅಭ್ಯಾಸ ಮಾಡುವುದನ್ನು ನಾನು ಕೇಳಿದ್ದೇನೆ. ಕನ್ನಡಿಯ ಮುಂದೆ ಬರುತ್ತಿತ್ತು. ಕಮಲಾಕ್ಷಿಯ ಮುಂದೆ ನಿಂತಾಗ ಅದೇ ಮಾತು ನಾಲಿಗೆಯ ತುದಿಯಲ್ಲಿ ತಿರುಗಿ ‘ನೀವು’ ಆಗುತ್ತಿತ್ತು.

ಊರು ಹೊಂದಿಕೊಂಡಿತು. ಹಾಲಿನವನು ಕೇಳದೆಯೇ ಅರ್ಧ ಲೀಟರ್ ಹೆಚ್ಚು ಹಾಕತೊಡಗಿದ. ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಕರೆಯುವಾಗ ತಾಯಿ ಮಗಳು ಇಬ್ಬರೂ ಬನ್ನಿ ಎಂದರು, ಹಾಗೆನ್ನುವಾಗ ಒಂದು ಗಳಿಗೆಯೂ ತಡವರಿಸಲಿಲ್ಲ. ಆರೋಹಣ ಸಂಘದವರು ಶಾಲ್ಮಲಿಗೆ ಕಚೇರಿಯಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಬೆಳಿಗ್ಗೆ ಹೋಗುವಾಗ ಅವಳು ಬಾಗಿಲಲ್ಲಿ ನಿಂತು, ನೀನು ಮಾತ್ರೆ ನುಂಗಿದೆಯಾ ಎಂದು ಕೇಳುತ್ತಿದ್ದಳು. ಸಂಜೆ ಬಂದು, ನೀನು ಸಾರಿಗೆ ಉಪ್ಪು ಜಾಸ್ತಿ ಹಾಕುತ್ತೀಯ, ಎಷ್ಟು ಸಲ ಹೇಳಿದರೂ ಅಷ್ಟೇ ಎನ್ನುತ್ತಿದ್ದಳು.

ನನ್ನ ಗಂಡ ಹೋಗಿ ಒಂಬತ್ತು ವರ್ಷವಾಗಿತ್ತು, ಅಕ್ಕ ಹೋಗಿ ಎರಡು ವರ್ಷ. ಅಕ್ಕನ ಜೊತೆಗೆ ನನ್ನನ್ನು ಏಕವಚನದಲ್ಲಿ ಕರೆಯುವ ಕೊನೆಯ ಬಾಯಿಯೂ ಹೋಗಿತ್ತು. ಎಲ್ಲರೂ ಮೇಡಂ ಎನ್ನುತ್ತಿದ್ದರು, ಎಲ್ಲರೂ ನೀವು ಎನ್ನುತ್ತಿದ್ದರು, ಎಲ್ಲರೂ ಒಳ್ಳೆಯವರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಒಬ್ಬಳು ನನಗೆ ನೀನು ಎಂದು ಬೈಯುತ್ತಿದ್ದಳು. ಅದು ಬೇರೊಬ್ಬಳಿಗೆ ಸಲ್ಲಬೇಕಾದದ್ದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಂಜೆ ಆರು ಗಂಟೆಗೆ ಗೇಟಿನ ಸದ್ದಿಗೆ ಕಾಯುತ್ತಿದ್ದೆ.

ಇದನ್ನು ಸರಿಪಡಿಸುವ ದಾರಿಗಳನ್ನು ದೊರೆಸ್ವಾಮಿಯವರು ಹಳೆಯ ಪುಸ್ತಕಗಳಲ್ಲಿ ಹುಡುಕಿ ತೆಗೆದರು. ಮೂರು ಇದ್ದವು. ಶಾಲ್ಮಲಿಯೇ ಮತ್ತೊಮ್ಮೆ ಬಿಳಿಗಲ್ಲು ದಾಟಿ ಬರಬಹುದು, ಬಂದಾಗ ಕಮಲಾಕ್ಷಿ ಮಗಳೇ ಎನ್ನಬಹುದು. ಆ ಕಾಲಿನಲ್ಲಿ ಅದು ಸಾಧ್ಯವಿಲ್ಲ ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಕಮಲಾಕ್ಷಿ ಹೋಗಿ ಬರಬಹುದು, ಬಂದಾಗ ಯಾರಾದರೂ ಶಾಲ್ಮಲಿಯ ತಾಯಿ ಎಂದು ಕರೆಯಬಹುದು. ಕಮಲಾಕ್ಷಿ ಎರಡು ಸಲ ಹೊರಟಳು. ಮೂವತ್ತು ವರ್ಷ ಹಿಟ್ಟಿನ ಗಾಳಿ ಕುಡಿದ ಎದೆ ಅವಳದು. ಎರಡು ಸಲವೂ ಬಿಳಿಗಲ್ಲು ಕಾಣುವ ಮೊದಲೇ ತುಟಿ ನೀಲಿಯಾಗಿ ಹೇಸರಗತ್ತೆಯ ಮೇಲೆ ಬಂದಳು. ಮೂರನೆಯದು, ತಪ್ಪಿ ಕರೆದವರೇ ಹೋಗಿ ಬಂದು ಬೇರೆ ಹೆಸರಿನಿಂದ ಕರೆಸಿಕೊಳ್ಳುವುದು. ಆಗ ಅವರು ಕಟ್ಟಿದ ಹಳೆಯ ಗಂಟು ತಾನಾಗಿ ಬಿಚ್ಚುತ್ತದೆ. ಇದನ್ನು ಓದುವಾಗ ದೊರೆಸ್ವಾಮಿಯವರು ಪುಸ್ತಕದಿಂದ ಕಣ್ಣು ಎತ್ತಲಿಲ್ಲ. ಕಮಲಾಕ್ಷಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅವಳು ನನ್ನನ್ನು ಕೇಳಲಿಲ್ಲ. ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ನಾನಾಗಿಯೇ ಮಂಡಿಯ ಮಾತು ಎತ್ತಿದೆ. ಆಮೇಲೆ ಬೇಸಿಗೆ ಬಂತು, ಬಿಸಿಲು ಎಂದೆ. ಆಮೇಲೆ ಮಳೆ ಹಿಡಿಯಿತು. ಮಂಡಿ ನೋಯುತ್ತಿದ್ದುದು ನಿಜ, ಬಿಸಿಲೂ ನಿಜ, ಮಳೆಯೂ ನಿಜ. ಇಷ್ಟು ನಿಜಗಳನ್ನು ಒಟ್ಟಿಗೆ ಜೋಡಿಸಿ ಅದರ ಹಿಂದೆ ಕೂರಬಹುದು ಎಂದು ನಾನು ಮೊದಲ ಸಲ ಕಂಡುಕೊಂಡೆ.

ಮಳೆಗಾಲಕ್ಕೆ ಮೊದಲು ಕಮಲಾಕ್ಷಿ ಒಂದು ಕೆಲಸ ಮಾಡಿಸಿದಳು. ಗಾರೆಯವನನ್ನು ಕರೆದುಕೊಂಡು ಹೋಗಿ ಆ ಕೊನೆಯ ಮೆಟ್ಟಿಲನ್ನು ಸಿಮೆಂಟು ಹಾಕಿ ಕೂರಿಸಿದಳು. ಅವನು ಕೆಲಸ ಮುಗಿಸುವವರೆಗೆ ಬಿಸಿಲಲ್ಲೇ ನಿಂತಿದ್ದಳಂತೆ. ಕಲ್ಲು ಗಟ್ಟಿಯಾದ ಮೇಲೆ ಮೂರು ದಿನ ಬಿಟ್ಟು ಮತ್ತೆ ಬಂದು, ಅದರ ಮೇಲೆ ತಾನೇ ಹತ್ತಿ ನಿಂತು, ನಾಲ್ಕು ಮೂಲೆಯನ್ನೂ ತುಳಿದು ನೋಡಿದಳಂತೆ. ಇನ್ನೊಬ್ಬರಿಗೆ ಹೀಗಾಗಬಾರದು ಎಂದಳು ಎಂದು ದೊರೆಸ್ವಾಮಿಯವರು ನನಗೆ ಹೇಳಿದರು. ಗಾರೆಗೆ ನೀರು ತಂದುಕೊಟ್ಟವರು ಅವರೇ.

ಭಾನುವಾರಗಳಲ್ಲಿ ಅವಳು ನನ್ನ ಮನೆಗೆ ಬರುತ್ತಿದ್ದಳು. ಏನಾದರೊಂದು ನೆವ ಇರುತ್ತಿತ್ತು. ನಾನು ಒಳಗೆ ಕೆಲಸವಿದೆಯೆಂದು ಎದ್ದು ಹೋಗುತ್ತಿದ್ದೆ, ಅವರಿಬ್ಬರೂ ಪಡಸಾಲೆಯಲ್ಲಿ ಕೂತಿರುತ್ತಿದ್ದರು. ಶ್ರಾವಣದ ಒಂದು ಭಾನುವಾರ ಅವಳು ತಂಬಿಟ್ಟು ತಂದಳು. ಶಾಲ್ಮಲಿಗೆ ಚಿಕ್ಕಂದಿನಿಂದ ಅದೆಂದರೆ ಪ್ರಾಣ. ತಾನೇ ಹುರಿದು, ತಾನೇ ಬೀಸಿ, ಬಿಸಿ ಆರುವ ಮೊದಲು ಉಂಡೆ ಕಟ್ಟಿ ತಂದಿದ್ದಳು. ಡಬ್ಬಿಯ ಮುಚ್ಚಳ ತೆಗೆದಾಗ ಪರಿಮಳ ಅಡುಗೆಮನೆಯವರೆಗೂ ಬಂತು.

“ಎಷ್ಟು ಚೆನ್ನಾಗಿದೆ” ಎಂದಳು ಶಾಲ್ಮಲಿ. “ನೀವು ಸುಮ್ಮನೆ ಯಾಕೆ ತೊಂದ್ರೆ ತಗೊಂಡ್ರಿ?”

“ತೊಂದ್ರೆ ಏನ್ ಬಂತು” ಎಂದು ಕಮಲಾಕ್ಷಿ ನಕ್ಕಳು. ಡಬ್ಬಿ ನಿಧಾನಕ್ಕೆ ವಾಪಸು ಕೊಡಿ, ಅವಸರವಿಲ್ಲ ಎಂದು ಹೇಳಿ ಹೊರಟಳು. ಶಾಲ್ಮಲಿ ಗೇಟಿನವರೆಗೆ ಬೀಳ್ಕೊಟ್ಟು ಬಂದು, ಒಂದು ಉಂಡೆ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ತಿನ್ನದೆ ಕೂತಿದ್ದಳು.

ಮಾರನೆಯ ಬೆಳಿಗ್ಗೆ ಆ ಡಬ್ಬಿಯನ್ನೂ ಎರಡು ಸೇರು ರಾಗಿಯನ್ನೂ ತೆಗೆದುಕೊಂಡು ನಾನು ಗಿರಣಿಗೆ ಹೋದೆ. ಬೂರುಗದ ಮರದ ಹತ್ತಿರ ಬರುವಾಗಲೇ ಸದ್ದಿನಲ್ಲಿ ಏನೋ ವ್ಯತ್ಯಾಸವಿದೆ ಅನಿಸಿತು. ಕಾಳು ಬೀಳುವಾಗ ಗಿರಣಿಯದು ಗೊಗ್ಗರು ದನಿ. ಅವತ್ತಿನದು ಸಣ್ಣಗೆ, ಕಲ್ಲಿಗೆ ಕಲ್ಲು ಉಜ್ಜುವ ಚೂಪಾದ ಸದ್ದು. ಬಾಗಿಲಿನಿಂದ ನೋಡಿದೆ. ಗಿರಣಿಯ ಮೇಲಿನ ಬಾಯಿಯಲ್ಲಿ ಒಂದು ಕಾಳೂ ಇರಲಿಲ್ಲ. ಕಮಲಾಕ್ಷಿ ಅದರ ಎದುರಿಗೆ ಮೊಳೆ ಸಡಿಲವಾದ ಸ್ಟೂಲಿನ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಕೂತು ಅದು ತಿರುಗುವುದನ್ನು ನೋಡುತ್ತಿದ್ದಳು. ಬರೀ ತಿರುಗಿದರೆ ಕಲ್ಲು ಹಾಳಾಗುತ್ತದೆ ಎಂದು ರಾಗಿ ತಂದವರಿಗೆಲ್ಲ ಹೇಳಿ, ಕೊನೆಯ ಹಿಡಿ ಬೀಳುವ ಮೊದಲೇ ಸ್ವಿಚ್ಚಿಗೆ ಕೈಯಿಡುವ ಹೆಂಗಸು ಅವಳು. ಅವಳು ಅಳುತ್ತಿದ್ದಳೇ ಇಲ್ಲವೇ ನನಗೆ ಗೊತ್ತಿಲ್ಲ, ಬೆನ್ನು ನನ್ನ ಕಡೆಗಿತ್ತು. ನಾನು ಒಳಗೆ ಹೋಗಲಿಲ್ಲ. ರಾಗಿಯನ್ನೂ ಡಬ್ಬಿಯನ್ನೂ ಹಾಗೇ ಮನೆಗೆ ತಂದು, ಶಾಲ್ಮಲಿಯ ಹತ್ತಿರ ಬೆಟ್ಟ ಹತ್ತುವ ಶೂಗಳು ಯಾವ ಅಂಗಡಿಯಲ್ಲಿ ಸಿಗುತ್ತವೆ ಎಂದು ಕೇಳಿದೆ.

ಸಂಘದವರು ನನ್ನ ವಯಸ್ಸು ನೋಡಿ ವೈದ್ಯರ ಪತ್ರ ಬೇಕು ಎಂದರು. ಆಸ್ಪತ್ರೆಯವರು ಕೊಡುವುದಿಲ್ಲವೆಂದು ಗೊತ್ತಿದ್ದರಿಂದ ಅನಂತಯ್ಯನವರ ಹತ್ತಿರ ಹೋದೆ. ಅವರು ಕನ್ನಡಕ ಮೇಲಕ್ಕೇರಿಸಿ ನನ್ನ ಮಂಡಿಗಳನ್ನು ಹಿಂದೆ ಮುಂದೆ ಆಡಿಸಿ ನೋಡಿ, ಬಟ್ಟೆ ಹಳೆಯದು ಮೇಡಂ, ಆದರೆ ಹೊಲಿಗೆ ಇನ್ನೂ ಗಟ್ಟಿಯಿದೆ ಎಂದರು. ಪತ್ರವನ್ನು ಅಳತೆ ಪುಸ್ತಕದ ಹಾಳೆಯಲ್ಲೇ ಬರೆದುಕೊಟ್ಟರು. ಸಂಘದವರು ಮರುಮಾತಿಲ್ಲದೆ ತೆಗೆದುಕೊಂಡರು, ಡಾಕ್ಟರು ಡಾಕ್ಟರೇ.

ಮಳೆ ನಿಂತ ಮೇಲೆ ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯಲು ಶುರುಮಾಡಿದೆ. ಎರಡನೆಯ ದಿನ ಕಮಲಾಕ್ಷಿ ಅಲ್ಲಿದ್ದಳು. ಯಾಕೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳಿಗೆ ದಮ್ಮು ಹತ್ತಿದಾಗ ನಾನು ಮಂಡಿ ನೋವೆಂದು ನಿಲ್ಲುತ್ತಿದ್ದೆ. ನನಗೆ ಮಂಡಿ ನೋವಾದಾಗ ಅವಳು ದಮ್ಮೆಂದು ನಿಲ್ಲುತ್ತಿದ್ದಳು. ಆ ಒಂದು ತಿಂಗಳಲ್ಲಿ ನಾವು ಮಾತಾಡಿದ್ದು ಹೆಚ್ಚಾಗಿ ಶಾಲ್ಮಲಿಯ ಬಾಲ್ಯದ ಬಗ್ಗೆ. ಅವಳಿಗೆ ಮೊದಲು ಹಲ್ಲು ಬಂದದ್ದು, ಗೋಧಿ ಮೂಟೆಯ ಮೇಲೆ ನಿದ್ದೆ ಮಾಡುತ್ತಿದ್ದದ್ದು. ಕಮಲಾಕ್ಷಿ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ನಾನು ಇಳಿದು ಬಂದಾಗ ಕಮಲಾಕ್ಷಿಯೇ ಮೇಡಂ ಎಂದು ಕರೆಯುವುದೆಂದು ಅಲ್ಲೇ ನಿಶ್ಚಯವಾಯಿತು. ಮೊದಲಿನಿಂದ ಅವಳು ನನ್ನನ್ನು ಕರೆಯುತ್ತಿದ್ದದ್ದೂ ಹಾಗೆಯೇ, ನಾನು ಮೊದಲು ಇದ್ದದ್ದೂ ಅದೇ. ಶಾಲ್ಮಲಿ ಬಾಯಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಳ್ಳಬೇಕು. ಅವಳ ಬಾಯಿಂದ ಅಮ್ಮ ಎಂದು ಬಂದರೆ ಹೋದದ್ದೆಲ್ಲ ವ್ಯರ್ಥ.

ಹೊರಡುವ ದಿನ ಶಾಲ್ಮಲಿ ನನ್ನ ಶೂಗಳ ದಾರ ಕಟ್ಟಿಕೊಟ್ಟಳು. ಬಾಯಲ್ಲಿ ಉಸಿರಾಡಬೇಡ, ನೀರನ್ನು ಗುಟುಕು ಗುಟುಕಾಗಿ ಕುಡಿ, ಕಾಲ್ಬೆರಳು ಮರಗಟ್ಟಿದರೆ ಸುಮ್ಮನಿರಬೇಡ ಎಂದು ಒಂದೊಂದಾಗಿ ಹೇಳಿದಳು. ಗಂಟು ಹಾಕಿ ಆದ ಮೇಲೂ ಬಗ್ಗಿಯೇ ಇದ್ದಳು.

“ವಾಪಸ್ ಬಂದ್ಮೇಲೆ ನಾನು ನಿನ್ನ ಮೇಡಂ ಅಂತೀನಾ?” ಎಂದು ಕೇಳಿದಳು.

“ಅಂತೀಯ.”

“ನೀವು ಅಂತೀನಾ?”

“ಹ್ಞೂಂ.”

“ಹಾಗಾದ್ರೆ ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಂತ ಹೇಳೋಕಾಗಲ್ಲ ನಿನಗೆ” ಎಂದಳು. ದಾರವನ್ನು ಬಿಚ್ಚಿ, ಇನ್ನೊಂದು ಸಲ ಮೊದಲಿನಿಂದ ಕಟ್ಟಿದಳು.

ಬೆಟ್ಟದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬಲ್ಲವರು ಒಂದೂವರೆ ದಿನದಲ್ಲಿ ಹತ್ತುವ ದೂರವನ್ನು ನಾನು ಮೂರು ದಿನ ಹತ್ತಿದೆ, ಅದರಲ್ಲಿ ಅರ್ಧ ಹೇಸರಗತ್ತೆಯ ಬೆನ್ನ ಮೇಲೆ. ಬಿಳಿಗಲ್ಲು ಬಿಳಿಯಲ್ಲ. ಅದು ಮಾಮೂಲು ಕರಿಕಲ್ಲು, ಅದರ ಮೇಲೆ ಹಾಸಿಕೊಂಡ ಕಲ್ಲುಹೂವು ಬೆಳ್ಳಗೆ ಕಾಣುತ್ತದೆ. ಕಾಲೇಜಿನಲ್ಲಿ ಅದನ್ನು ಒಣಗಿದ ಚೂರುಗಳಲ್ಲಿ ಎಷ್ಟೋ ಸಲ ತೋರಿಸಿದ್ದೆ. ಇಲ್ಲಿ ಅಂಗೈಯಿಟ್ಟಾಗ ತಣ್ಣಗೆ, ಒರಟಾಗಿ, ಹಳೆಯ ಗೋಡೆಯ ಸುಣ್ಣದ ಹಾಗಿತ್ತು. ಅದನ್ನು ದಾಟಿ ಇಪ್ಪತ್ತು ಹೆಜ್ಜೆ ಹೋಗಿ, ಒಂದು ಬಂಡೆಯ ಮೇಲೆ ಕೂತು ಚಪಾತಿ ತಿಂದೆ. ಇನ್ನೂ ಸ್ವಲ್ಪ ಹೊತ್ತು ಕೂರಬೇಕು ಅನಿಸಿತು. ನಾನು ಇನ್ನೂ ಒಬ್ಬಳ ತಾಯಿಯಾಗಿದ್ದೆ. ಮೋಡ ಕೆಳಗೆ ಇಳಿಯುತ್ತಿದ್ದುದನ್ನು ನೋಡಿ ಎದ್ದೆ.

ಮೇಲ್ಬಾಗಿಲಿಗಿಂತ ಮೇಲೆ ಯಾರು ಏನೆಂದು ಕರೆದರೂ ಪರವಾಗಿಲ್ಲ ಎನ್ನುತ್ತಾರೆ. ಆದರೂ ಇಳಿಯುವ ದಾರಿಯುದ್ದಕ್ಕೂ ಹೇಸರಗತ್ತೆಯವನು ನನ್ನ ಜೊತೆ ಮಾತೇ ಆಡಲಿಲ್ಲ. ಜಾರುವ ಜಾಗ ಬಂದರೆ, ನೋಡಿ ಕಾಲಿಡು, ಕಲ್ಲು ಒದ್ದೆಯಿದೆ ಎಂದು ಹೇಸರಗತ್ತೆಗೆ ಹೇಳುತ್ತಿದ್ದ. ನಾಲ್ಕು ಗಂಟೆ ಆಯಿತು, ಏನಾದರೂ ತಿನ್ನು, ಸುಸ್ತಾಗಿದೆ ನಿನಗೆ ಎಂದು ಅದಕ್ಕೇ ಹೇಳಿ, ತನ್ನ ಬುತ್ತಿಯ ರೊಟ್ಟಿ ಬಿಡಿಸಿ ನಮ್ಮಿಬ್ಬರ ನಡುವೆ ಇಡುತ್ತಿದ್ದ. ಚಳಿಯಾದಾಗ ಕಂಬಳಿಯನ್ನು ಅದರ ಬೆನ್ನಿನಿಂದ ತೆಗೆದು ಎತ್ತಲೋ ನೋಡುತ್ತ ನನ್ನ ಕಡೆ ಚಾಚುತ್ತಿದ್ದ. ಮೆಟ್ಟಿಲುಗಳ ಮೇಲ್ತುದಿಯಲ್ಲಿ ಅವನಿಗೆ ಕೈ ಮುಗಿದೆ. ಅವನು ಹೇಸರಗತ್ತೆಯ ಕಿವಿ ತಿಕ್ಕಿ, ಒಳ್ಳೇದಾಗಲಿ ಎಂದು ಅದಕ್ಕೆ ಹೇಳಿ ತಿರುಗಿದ.

ಬೆಳಿಗ್ಗೆ ಹನ್ನೊಂದು ಗಂಟೆ. ಊರು ಸದ್ದಿಲ್ಲದೆ ಕೆಳಗೆ ಹರಡಿಕೊಂಡಿತ್ತು. ನನಗಾಗಿ ಗಿರಣಿಯನ್ನೂ ನಿಲ್ಲಿಸಿದ್ದರು. ಮೆಟ್ಟಿಲು ಎಣಿಸುತ್ತ ಇಳಿದೆ. ನಲವತ್ತು ದಾಟಿದ ಮೇಲೆ ಬೆಂಚು ಕಂಡಿತು, ದೊರೆಸ್ವಾಮಿಯವರ ಬಿಂದಿಗೆ ಕಂಡಿತು, ಅದರ ಬಾಯಿಂದ ಹಬೆ ಏಳುತ್ತಿತ್ತು. ಶಾಲ್ಮಲಿ ಬಾಯಿಗೆ ಬಟ್ಟೆ ಬಿಗಿದುಕೊಂಡು ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಿದ್ದಳು. ಅವಳ ಮುಂದೆ ಕಮಲಾಕ್ಷಿ, ಇಸ್ತ್ರಿ ಮಾಡಿದ ಸೀರೆ, ತಲೆಯಲ್ಲಿ ಹಿಟ್ಟಿರಲಿಲ್ಲ. ನಾನು ಮನಸ್ಸಿನಲ್ಲೇ ‘ಮೇಡಂ’ ಎಂದು ಕೇಳಿಸಿಕೊಂಡು ಅಭ್ಯಾಸ ಮಾಡಿಕೊಳ್ಳುತ್ತ ಬಂದಿದ್ದೆ. ಕಷ್ಟವೇನಲ್ಲ, ನಲವತ್ತು ವರ್ಷ ಕೇಳಿದ ಮಾತು. ಐವತ್ತೊಂಬತ್ತನೆಯ ಮೆಟ್ಟಿಲಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತೆ.

ಕಮಲಾಕ್ಷಿ ಬಾಯಿಂದ ಬಟ್ಟೆ ತೆಗೆದಳು. ನನ್ನ ಮುಖವನ್ನೂ ಕಾಲನ್ನೂ ನೋಡಿದಳು. ಆಮೇಲೆ ಗಿರಣಿಯ ದನಿಯಲ್ಲಿ, ಬೀದಿಯ ಕೊನೆಯವರಿಗೂ ಕೇಳುವಂತೆ ಹೇಳಿದಳು.

“ಅಮ್ಮಾ, ಕೊನೇ ಮೆಟ್ಟಿಲು ಅಲ್ಲಾಡುತ್ತೆ. ನೋಡ್ಕೊಂಡು ಇಳಿ.”

ನಾನು ಕಾಲಿಟ್ಟೆ. ಕಲ್ಲು ಕದಲಲಿಲ್ಲ.

ಶಾಲ್ಮಲಿ ಬಟ್ಟೆ ಕಿತ್ತು ಹಾಕಿ ತಾಯಿಯ ಕಡೆ ತಿರುಗಿದಳು. “ನಿನಗೆ ಹೇಳಿಕೊಟ್ಟಿದ್ದೇನು, ನೀನು ಅಂದಿದ್ದೇನು? ಮೇಡಂ ಅನ್ನು, ಮೇಡಂ ಅನ್ನು ಅಂತ ಬೆಳಿಗ್ಗೆಯಿಂದ ಬಡ್ಕೊಂಡಿಲ್ವಾ ನಾನು? ಒಂದು ಮಾತು ನೆಟ್ಟಗೆ ಕೇಳಿದ್ದು ಇದೆಯಾ ಅಮ್ಮಾ ನೀನು?” ಇಷ್ಟು ಹೇಳಿ ತಾನು ಏನು ಹೇಳಿದೆನೆಂದು ತನಗೇ ಕೇಳಿಸಿ, ನಿಂತಲ್ಲೇ ನಿಂತುಬಿಟ್ಟಳು.

“ಇನ್ನೊಂದ್ಸಲ ಬೈಯೇ” ಎಂದಳು ಕಮಲಾಕ್ಷಿ.

ದೊರೆಸ್ವಾಮಿಯವರು ನನ್ನ ಶೂ ಬಿಚ್ಚಿ, ನೀರನ್ನು ಮುಂಗೈ ಮೇಲೆ ಹಾಕಿ ನೋಡಿ, ಪಾದ ತೊಳೆದರು. ಪುಸ್ತಕ ತೆರೆದು, ಲೇಖನಿ ಎತ್ತಿಕೊಂಡು, ಏನೆಂದು ಬರೆಯಲಿ, ಗಾಬರಿಯಲ್ಲಿ ಬಾಯಿತಪ್ಪಿ ಬಂದದ್ದೋ ಎಂದು ಕಮಲಾಕ್ಷಿಯನ್ನು ಕೇಳಿದರು. ಕೇಳುವಾಗ ಅವರ ಕಣ್ಣು ಸಿಮೆಂಟು ಮೆತ್ತಿದ ಆ ಕಲ್ಲಿನ ಮೇಲಿತ್ತು. ಕೇಳಿಸಿದ್ದನ್ನು ಬರೆದುಕೊಳ್ಳಿ ಎಂದಳು ಅವಳು. ಅವರು ಯಾರ ಕಡೆಯೂ ನೋಡದೆ ಬರೆದರು.

ಅವತ್ತು ಮಧ್ಯಾಹ್ನದ ಊಟ ಗಿರಣಿಯ ಮನೆಯಲ್ಲಿ. ಶಾಲ್ಮಲಿ ಬಾಗಿಲಲ್ಲಿ ನಿಲ್ಲದೆ ಒಳಗೆ ಹೋಗಿ, ಹಂಡೆಯಿಂದ ನೀರು ಮೊಗೆದುಕೊಂಡು ಗಟಗಟನೆ ಕುಡಿದಳು. ಕಮಲಾಕ್ಷಿ ಬಡಿಸಿದಳು. ನಾನು ಕಾಲು ಚಾಚಿಕೊಂಡು ಗೋಡೆಗೆ ಒರಗಿದ್ದೆ. ಮೊದಲ ತುತ್ತಿಗೇ ಶಾಲ್ಮಲಿ ತಲೆ ಎತ್ತಿ ನನ್ನ ಕಡೆ ನೋಡಿ, “ಅಜ್ಜೀ, ಈ ಸಾರಿಗೆ ಉಪ್ಪೇ ಇಲ್ಲ. ನೀನು ಸ್ವಲ್ಪ ತಂದುಕೊಡು” ಎಂದಳು.

ಆ ಅಡುಗೆಮನೆಗೆ ನಾನು ಅದುವರೆಗೂ ಕಾಲಿಟ್ಟವಳಲ್ಲ. ಎದ್ದು ಒಳಗೆ ಹೋದೆ. ಮೇಲಿನ ಹಲಗೆಯ ಮೇಲೆ ಹತ್ತು ಹನ್ನೆರಡು ಹಿಟ್ಟಿನ ಡಬ್ಬಿಗಳಿದ್ದವು, ಎಲ್ಲವೂ ಒಂದೇ ತರಹ. ಎಡಗಡೆಯಿಂದ ನಾಲ್ಕನೆಯದನ್ನು ಸರಿಸಿ ಅದರ ಹಿಂದೆ ಕೈಹಾಕಿದೆ. ಭರಣಿ ಅಲ್ಲೇ ಇತ್ತು.